ಬೋರ್ ನೀರಿಗೆ ಬೇಳೆ ಬೇಯಲ್ಲ: ಅಯಸ್ಕಾಂತದ ಅಲ್ಜಿನೇಟ್ ಮಣಿ ಕೆಟ್ಟಾಗ ಎಲ್ಲಿ ಹುಡುಕಬೇಕು

ಕಳೆದ ಏಪ್ರಿಲ್‌ನಲ್ಲಿ ದಾವಣಗೆರೆಯ ನಮ್ಮ ಲ್ಯಾಬಿನಲ್ಲಿ ಒಂದೇ ಕೆಲಸ ಮೂರು ವಾರ ಕೈಗೆ ಹತ್ತಲಿಲ್ಲ. ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುತ್ತಿದ್ದ ಹುಡುಗಿ ಅಲ್ಜಿನೇಟ್ ಮಣಿ ಮಾಡಬೇಕಿತ್ತು. ಅಲ್ಜಿನೇಟ್ ಅಂದರೆ ಕಂದು ಕಡಲಪಾಚಿಯಿಂದ ತೆಗೆಯುವ ಅಂಟು. ಅದನ್ನು ನೀರಲ್ಲಿ ಕರಗಿಸಿ, ಕಬ್ಬಿಣದ ಆಕ್ಸೈಡಿನ ನ್ಯಾನೊಕಣ ಬೆರೆಸಿ, ಸಿರಿಂಜಿನಿಂದ ಕ್ಯಾಲ್ಸಿಯಂ ಕ್ಲೋರೈಡ್ ನೀರಿಗೆ ಹನಿ ಹನಿಯಾಗಿ ಬಿಟ್ಟರೆ ನೆನೆದ ಸಬ್ಬಕ್ಕಿಯಂಥ ಕಪ್ಪು ಮಣಿಗಳಾಗುತ್ತವೆ. ಮಣಿಯೊಳಗೆ ಔಷಧಿ ತುಂಬಿ, ಅಯಸ್ಕಾಂತದಿಂದ ಅದನ್ನು ಬೇಕಾದ ಕಡೆ ಹಿಡಿದು ನಿಲ್ಲಿಸಬಹುದು ಅನ್ನುವುದು ಇದರ ಹಿಂದಿನ ಆಸೆ.

ಅವಳ ಮಣಿ ದುಂಡಗೆ ಬರಲೇ ಇಲ್ಲ. ಸೂಜಿ ಕಟ್ಟಿಕೊಳ್ಳುತ್ತಿತ್ತು. ಬಿದ್ದ ನಾಲ್ಕು ಮಣಿಗೂ ಬಾಲ. ಅಯಸ್ಕಾಂತ ಹಿಡಿದರೆ ಅಲ್ಲಾಡುತ್ತಲೂ ಇರಲಿಲ್ಲ. "ಮೇಡಂ, ಕಣಾನೇ ಸರಿಯಾಗಿ ಬಂದಿಲ್ಲ ಅನ್ಸುತ್ತೆ" ಅಂದಳು. ನನಗೂ ಹಾಗೇ ಅನಿಸಿತ್ತು. ಮೂರು ಸಲ ಹೊಸದಾಗಿ ಕಣ ಮಾಡಿಸಿದೆ. ಮೂರು ಸಲವೂ ಅದೇ ಕಥೆ.

ಆಮೇಲೆ ಗೊತ್ತಾಯಿತು, ಅವಳ ಮಣಿಗೆ ಎರಡು ಕಾಯಿಲೆ ಒಟ್ಟಿಗೆ ಇದ್ದವು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇರಲಿಲ್ಲ. ಇಂಥ ಕೆಲಸದಲ್ಲಿ ಇದು ತುಂಬ ಆಗುತ್ತದೆ. ಕಣದ ರಸಾಯನ ಬೇರೆ, ಅಂಟಿನ ರಸಾಯನ ಬೇರೆ. ಎರಡನ್ನೂ ಒಂದೇ ಬೀಕರಿನಲ್ಲಿ ಹಾಕಿದ ಮೇಲೆ ತಪ್ಪು ಯಾರದ್ದು ಅಂತ ಬೀಕರ್ ಹೇಳುವುದಿಲ್ಲ. ನಾವೇ ಬಿಡಿಸಿ ನೋಡಬೇಕು.

ಮೊದಲು ಬಿಡಿಸಿ ನೋಡಿ

ಏನು ಕೆಟ್ಟಿದ್ದರೂ ಮೊದಲ ಕೆಲಸ ಇದು. ಕಣ ಹಾಕದೆ ಬರೀ ಅಂಟಿನಲ್ಲಿ ಒಂದು ಸಲ ಮಣಿ ಮಾಡಿ. ಅಂಟು ಹಾಕದೆ ಬರೀ ಕಣವನ್ನು ನೀರಲ್ಲಿ ಕದಡಿ, ಸಣ್ಣ ಸೀಸೆಗೆ ಹಾಕಿ, ಪಕ್ಕದಲ್ಲಿ ಅಯಸ್ಕಾಂತ ಇಡಿ. ಎಲ್ಲ ಸೇರಿ ಅರ್ಧ ಗಂಟೆಯ ಕೆಲಸ. ನಾವು ಇದನ್ನು ಮೊದಲ ದಿನವೇ ಮಾಡಿದ್ದರೆ ಮೂರು ವಾರ ಉಳಿಯುತ್ತಿತ್ತು.

ಖಾಲಿ ಮಣಿಯೇ ಬಾಲ ಬಿಟ್ಟುಕೊಂಡು ಬಂದರೆ ಕಣವನ್ನು ಮರೆತುಬಿಡಿ, ತೊಂದರೆ ಅಂಟಿನಲ್ಲೋ ನೀರಿನಲ್ಲೋ ಇದೆ. ಖಾಲಿ ಮಣಿ ಚೆನ್ನಾಗಿದ್ದು, ಕಣ ಸೇರಿಸಿದ ತಕ್ಷಣ ಗಂಟು ಕಟ್ಟಿದರೆ ಕಣದ ಜೊತೆ ಇನ್ನೇನೋ ಬರುತ್ತಿದೆ. ಎರಡೂ ಬೇರೆ ಬೇರೆಯಾಗಿ ಸರಿ ಇದ್ದು ಸೇರಿಸಿದ ಮಣಿ ಮಾತ್ರ ಅಯಸ್ಕಾಂತಕ್ಕೆ ಬರದಿದ್ದರೆ, ಕಣ ಒಳಗೆ ಎಷ್ಟು ಹೋಗಿದೆ ಅಂತ ನೋಡಬೇಕು.

ನೀರು

ನಮ್ಮಲ್ಲಿ ಖಾಲಿ ಮಣಿಯೂ ಕೆಟ್ಟಿತ್ತು. ಅಲ್ಜಿನೇಟ್ ಪುಡಿ ನೀರಿಗೆ ಹಾಕಿ ರಾತ್ರಿಯಿಡೀ ಕಲಕಿದ್ದರೂ ದ್ರಾವಣದಲ್ಲಿ ಮೀನಿನ ಕಣ್ಣಿನಂಥ ಸಣ್ಣ ಸಣ್ಣ ಲೋಳೆ ಗಂಟುಗಳು. ಕ್ಯಾಲ್ಸಿಯಂ ಕ್ಲೋರೈಡಿಗೆ ಬೀಳುವ ಮುಂಚೆಯೇ ಅದು ಅಲ್ಲಲ್ಲಿ ಗಟ್ಟಿಯಾಗಿತ್ತು.

ಆಗ ನೆನಪಾಗಿದ್ದು ಚಳ್ಳಕೆರೆಯ ನಮ್ಮ ಅವ್ವನ ಅಡುಗೆ ಮನೆ. ಬೋರ್ ನೀರಿಗೆ ತೊಗರಿಬೇಳೆ ಬೇಯಲ್ಲ ಅಂತ ಅವ್ವ ಬೇಳೆಗೆ ಮಾತ್ರ ಬೇರೆ ಕೊಡದಲ್ಲಿ ಸಿಹಿ ನೀರು ಇಟ್ಟಿರುತ್ತಿದ್ದಳು. ಚಿತ್ರದುರ್ಗ ಸೀಮೆಯ ಹಳ್ಳಿಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ವಿಷಯ. ಬೇಳೆ ಯಾಕೆ ಬೇಯಲ್ಲ? ಕಾಳಿನ ಜೀವಕೋಶಗಳನ್ನು ಹಿಡಿದಿಟ್ಟಿರುವುದು ಪೆಕ್ಟಿನ್ ಅನ್ನುವ ಅಂಟು. ಗಡಸು ನೀರಿನ ಕ್ಯಾಲ್ಸಿಯಂ ಆ ಪೆಕ್ಟಿನ್ ಎಳೆಗಳ ನಡುವೆ ಕೂತು ಅವನ್ನು ಒಂದಕ್ಕೊಂದು ಕಟ್ಟಿಬಿಡುತ್ತದೆ. ಕಟ್ಟಿದ ಅಂಟು ಕುದಿಸಿದರೂ ಬಿಡುವುದಿಲ್ಲ. ಅಲ್ಜಿನೇಟ್ ಮಣಿ ಗಟ್ಟಿಯಾಗುವುದೂ ಹೀಗೇ. ಎರಡು ಎಳೆಗಳ ಮಡಿಕೆಯಲ್ಲಿ ಕ್ಯಾಲ್ಸಿಯಂ ಕೂರುವುದನ್ನು 1973ರಿಂದಲೂ ಮೊಟ್ಟೆ ಟ್ರೇಯಲ್ಲಿ ಮೊಟ್ಟೆ ಕೂತಂತೆ ಅಂತಲೇ ವಿವರಿಸುತ್ತಾರೆ. ಅವ್ವನ ಕುದಿಯುವ ಪಾತ್ರೆಯಲ್ಲಿ ಬೇಡವಾಗಿದ್ದ ಕೆಲಸ ನಮ್ಮ ಮಣಿಗೆ ಬೇಕು. ಆದರೆ ಅದು ಹನಿ ಬಿದ್ದ ಮೇಲೆ ಆಗಬೇಕು, ಬೀಕರಿನಲ್ಲೇ ಅಲ್ಲ.

ಡಿಸ್ಟಿಲ್ಡ್ ವಾಟರ್ ಅಂತ ಬರೆದ ಕ್ಯಾನಿಗೆ ಟಿಡಿಎಸ್ ಮೀಟರ್ ಅದ್ದಿದೆವು. 900ಕ್ಕಿಂತ ಜಾಸ್ತಿ ತೋರಿಸಿತು. ಸರಿಯಾದ ನೀರಾಗಿದ್ದರೆ ಒಂದಂಕಿಯಲ್ಲಿ ಇರಬೇಕು. ನೀರು ಶುದ್ಧ ಮಾಡುವ ಘಟಕದಲ್ಲಿ ಉಪ್ಪನ್ನು ಹಿಡಿದಿಡುವ ರೆಸಿನ್ ಮುಗಿದು ತಿಂಗಳುಗಳೇ ಆಗಿದ್ದವು. ಬೋರ್ ನೀರು ಒಂದು ಕಡೆ ಹೋಗಿ ಇನ್ನೊಂದು ಕಡೆ ಹಾಗೇ ಬರುತ್ತಿತ್ತು. ಕ್ಯಾನ್ ತುಂಬುವ ಅಣ್ಣನದ್ದು ತಪ್ಪೇನಿಲ್ಲ. ಅವರು ಯಾವತ್ತೂ ತುಂಬುವ ನಲ್ಲಿಯಿಂದಲೇ ತುಂಬಿದ್ದರು. ಮೀಟರ್ ಅದ್ದಿ ನೋಡಬೇಕಾಗಿದ್ದವಳು ನಾನು.

ಒಂದು ವಿಷಯ ಗಮನಿಸಿ. ಟಿಡಿಎಸ್ ಮೀಟರ್ ಉಪ್ಪು ಎಷ್ಟಿದೆ ಅಂತ ಅಂದಾಜು ಕೊಡುತ್ತದೆ, ಕ್ಯಾಲ್ಸಿಯಂ ಎಷ್ಟು ಅಂತ ಹೇಳುವುದಿಲ್ಲ. ಅಲ್ಜಿನೇಟ್ ಮೆಗ್ನೀಷಿಯಂಗೆ ಅಷ್ಟಾಗಿ ಗಟ್ಟಿಯಾಗುವುದಿಲ್ಲ, ಕ್ಯಾಲ್ಸಿಯಂಗೆ ಆಗುತ್ತದೆ. ನೀರಿನ ಗಡಸುತನ ಅಳೆಯುವ ಇಡಿಟಿಎ ಟೈಟ್ರೇಷನ್ ಪದವಿ ತರಗತಿಯಲ್ಲೇ ಕಲಿತಿರುತ್ತೀರಿ, ಅದನ್ನು ಮಾಡಿ. ಅಷ್ಟು ಸಮಯ ಇಲ್ಲದಿದ್ದರೆ ಸೋಪಿನ ಚೂರು ಹಾಕಿ ಕುಲುಕಿ. ನೊರೆ ಬರದೆ ಬಿಳಿ ಕೆನೆಯಂಥದ್ದು ತೇಲಿದರೆ ಆ ನೀರು ಬೇಡ.

ನೀರು ಬದಲಿಸಿದ ಸಂಜೆಯೇ ಖಾಲಿ ಮಣಿ ದುಂಡಗೆ ಬಂತು. ಆಮೇಲೂ ಬಾಲ ಉಳಿದರೆ ಸೂಜಿಯನ್ನು ಸ್ವಲ್ಪ ಎತ್ತರಿಸಿ ನೋಡಿ. ತೀರಾ ಹತ್ತಿರ ಇದ್ದರೆ ಹನಿಗೆ ದುಂಡಾಗಲು ಸಮಯ ಸಿಗುವುದಿಲ್ಲ, ತೀರಾ ಎತ್ತರ ಇದ್ದರೆ ನೀರಿಗೆ ಬಡಿದು ಚಪ್ಪಟೆಯಾಗುತ್ತದೆ. 2 ಶೇಕಡಾ ಅಲ್ಜಿನೇಟ್, 2 ಶೇಕಡಾ ಕ್ಯಾಲ್ಸಿಯಂ ಕ್ಲೋರೈಡ್ ಶುರುವಿಗೆ ಸಾಕು. ರೋಗಾಣು ಕೊಲ್ಲಲು ಅಲ್ಜಿನೇಟನ್ನು ಆಟೊಕ್ಲೇವ್‌ನ ಬಿಸಿ ಹಬೆಯಲ್ಲಿ ಇಟ್ಟಿದ್ದರೆ ಎಳೆಗಳು ತುಂಡಾಗಿ ದ್ರಾವಣ ತೆಳುವಾಗಿರುತ್ತದೆ, ಅದರಿಂದ ಗಟ್ಟಿ ಮಣಿ ಬರುವುದಿಲ್ಲ. ರೋಗಾಣು ಇರಬಾರದು ಅಂದರೆ ತೆಳು ದ್ರಾವಣವನ್ನು 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸುವುದು ಒಳ್ಳೆಯದು. ಕಣ ಬೆರೆಸುವ ಮುಂಚೆ ಸೋಸಿ.

ಖಾಲಿ ಮಣಿ ಸರಿ, ಕಣ ಹಾಕಿದರೆ ಗಂಟು

ಹೀಗಾದರೆ ಹೆಚ್ಚಿನ ಸಲ ಕಣವನ್ನು ಸರಿಯಾಗಿ ತೊಳೆದಿರುವುದಿಲ್ಲ. ಕಣದ ಜೊತೆ ಕರಗಿದ ಕಬ್ಬಿಣ ಉಳಿದಿದ್ದರೆ, ಅದರಲ್ಲೂ ಫೆರಿಕ್ ಕಬ್ಬಿಣ (ಮೂರು ಧನ ಆವೇಶ ಇರುವುದು; ಎರಡು ಇದ್ದರೆ ಫೆರಸ್), ಅದು ಅಲ್ಜಿನೇಟನ್ನು ಕ್ಯಾಲ್ಸಿಯಂನಂತೆಯೇ ಕಟ್ಟಿಹಾಕುತ್ತದೆ. ಆಮ್ಲ ಉಳಿದಿದ್ದರೂ ಅಷ್ಟೇ, ಪಿಎಚ್ 3.5ರ ಕೆಳಗೆ ಇಳಿದರೆ ಅಲ್ಜಿನೇಟ್ ತಾನಾಗಿಯೇ ಹೆಪ್ಪುಗಟ್ಟುತ್ತದೆ. ಕೊನೆಯ ತೊಳೆದ ನೀರಿಗೆ ಒಂದು ತೊಟ್ಟು ಹೈಡ್ರೋಕ್ಲೋರಿಕ್ ಆಮ್ಲ, ಒಂದು ತೊಟ್ಟು ಪೊಟ್ಯಾಸಿಯಂ ಥಯೊಸಯನೇಟ್ ಹಾಕಿ. ರಕ್ತದಂತೆ ಕೆಂಪಾದರೆ ಇನ್ನೂ ತೊಳೆಯಬೇಕು. ತೊಳೆದ ನೀರಿನಲ್ಲಿ ಕಣ ಉಳಿದಿರದಂತೆ ಅಯಸ್ಕಾಂತದಲ್ಲಿ ಪೂರ್ತಿ ತಳಕ್ಕೆ ಎಳೆದು, ಮೇಲಿನ ತಿಳಿಯನ್ನೇ ಪರೀಕ್ಷೆಗೆ ತೆಗೆದುಕೊಳ್ಳಿ. ಇಲ್ಲದಿದ್ದರೆ ಆಮ್ಲ ಆ ಕಣವನ್ನೇ ಕರಗಿಸಿ ಸುಳ್ಳು ಕೆಂಪು ತೋರಿಸುತ್ತದೆ.

ಇನ್ನೊಂದು ಕಾರಣ ನನಗೆ ತುಂಬ ಬೇಜಾರು ತರಿಸುವಂಥದ್ದು. ಕಣವನ್ನು ಓವನ್‌ನಲ್ಲಿ ಒಣಗಿಸಿ, ಪುಡಿ ಮಾಡಿ, ಡಬ್ಬಿಯಲ್ಲಿಟ್ಟು, ವಾರ ಬಿಟ್ಟು ಅಂಟಿಗೆ ಹಾಕುವುದು. ಒಣಗಿದಾಗ ಕಣಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಆಮೇಲೆ ಶಬ್ದದ ಅಲೆಯಿಂದ ಅಲುಗಿಸುವ ಸೋನಿಕೇಟರಿನಲ್ಲಿ ಎಷ್ಟು ಹೊತ್ತು ಇಟ್ಟರೂ ಮೊದಲಿನಂತೆ ಬಿಡಿಬಿಡಿಯಾಗುವುದು ಕಷ್ಟ. ರಾಗಿ ಹಿಟ್ಟು ಒಮ್ಮೆ ಗಂಟಾದರೆ ಮುದ್ದೆಕೋಲು ಎಷ್ಟು ತಿರುವಿದರೂ ಒಳಗೆ ಹಸಿ ಹಿಟ್ಟು ಉಳಿಯುತ್ತದಲ್ವಾ, ಹಾಗೆ. ಕಣವನ್ನು ತೊಳೆದ ಮೇಲೆ ಒದ್ದೆಯಾಗಿಯೇ ಇಡಿ, ಒದ್ದೆಯಾಗಿಯೇ ಬೆರೆಸಿ. ತೂಕ ಬೇಕಿದ್ದರೆ 1 ಮಿಲಿ ಮಾತ್ರ ಒಣಗಿಸಿ ತೂಗಿ, ಉಳಿದದ್ದನ್ನು ಲೆಕ್ಕ ಹಾಕಿ.

ಮಣಿಯೊಳಗೆ ಗಂಟು ಇದೆಯಾ ಅಂತ ನೋಡಲು ದುಬಾರಿ ಉಪಕರಣ ಬೇಕಿಲ್ಲ. ಒಂದು ಮಣಿಯನ್ನು ಎರಡು ಗಾಜಿನ ಸ್ಲೈಡ್ ನಡುವೆ ಮೆತ್ತಗೆ ಒತ್ತಿ, ಮೊಬೈಲಿನ ಟಾರ್ಚ್ ಮುಂದೆ ಹಿಡಿಯಿರಿ. ಎಲ್ಲ ಕಡೆ ಒಂದೇ ಸಮನಾದ ಡಿಕಾಕ್ಷನ್ ಬಣ್ಣ ಇದ್ದರೆ ಚೆನ್ನಾಗಿದೆ. ಬಿಳಿ ಲೋಳೆಯಲ್ಲಿ ಸಾಸಿವೆ ಎರಚಿದಂತೆ ಕಾಣಿಸಿದರೆ ಕಣ ಗುಂಪುಗಟ್ಟಿದೆ.

ನಾವು ಬಳಸುವ ಕಪ್ಪು ಕಬ್ಬಿಣದ ಆಕ್ಸೈಡಿನ ಹೆಸರು ಮ್ಯಾಗ್ನೆಟೈಟ್. ಅದರ ಬರಿಯ ಕಣಕ್ಕೆ ಪಿಎಚ್ 6.5ರಿಂದ 7ರ ಆಸುಪಾಸಿನಲ್ಲಿ ಮೈಮೇಲಿನ ವಿದ್ಯುದಾವೇಶ ಹತ್ತಿರಹತ್ತಿರ ಸೊನ್ನೆಯಾಗುತ್ತದೆ. ಒಂದನ್ನೊಂದು ತಳ್ಳುವ ಬಲ ಇರುವುದಿಲ್ಲ, ಅದಕ್ಕೇ ಗುಂಪಾಗುತ್ತವೆ. ಇದಕ್ಕೆ ಸಿಟ್ರೇಟ್ ಲೇಪ ಕೊಡುತ್ತಾರೆ. ಒಳ್ಳೆಯ ಉಪಾಯ. ಆದರೆ ಮಿಕ್ಕ ಸಿಟ್ರೇಟನ್ನು ಪೂರ್ತಿ ತೊಳೆಯದಿದ್ದರೆ ಅದು ಕ್ಯಾಲ್ಸಿಯಂ ಅನ್ನು ತಾನೇ ಹಿಡಿದುಕೊಳ್ಳುತ್ತದೆ, ಮಣಿ ಮೆತ್ತಗೆ ಬರುತ್ತದೆ. ಕಣ ಚೆನ್ನಾಗಿ ಹರಡಿದೆ, ಮಣಿ ಮಾತ್ರ ಕೈಯಲ್ಲಿ ಹಿಡಿದರೆ ಒಡೆಯುತ್ತದೆ ಅಂತಾದರೆ ಇದನ್ನು ಅನುಮಾನಿಸಿ.

ಬಣ್ಣ ಏನು ಹೇಳುತ್ತದೆ

ಈಗ ಕಣದ ಕಡೆ ಬರೋಣ. ಚೆನ್ನಾಗಿ ಬಂದ ಮ್ಯಾಗ್ನೆಟೈಟ್ ಕಾಡಿಗೆಯಷ್ಟು ಕಪ್ಪು. ಕೆಂಪು ಕಂದು ಬಂದರೆ ಏನೋ ತಪ್ಪಿದೆ. ಚಿತ್ರದುರ್ಗ, ಹೊಳಲ್ಕೆರೆ ಕಡೆ ಅದಿರಿನ ಲಾರಿ ಓಡಾಡುವ ರಸ್ತೆಯ ಪಕ್ಕದ ಗಿಡಗಳನ್ನು ನೋಡಿದ್ದರೆ ಆ ಕೆಂಪು ಗೊತ್ತಿರುತ್ತದೆ. ಆ ಧೂಳಿನ ಕೆಂಪು ಬಹುಮಟ್ಟಿಗೆ ಹೆಮಟೈಟಿನದ್ದು. ಅದರಲ್ಲೂ ಇರುವುದು ಕಬ್ಬಿಣ ಮತ್ತು ಆಮ್ಲಜನಕವೇ, ಆದರೆ ಸಾಧಾರಣ ಅಯಸ್ಕಾಂತಕ್ಕೆ ಅದು ಬರುವುದಿಲ್ಲ. ಕಬ್ಬಿಣ ಇದ್ದರೆ ಸಾಲದು, ಅದು ಯಾವ ರೂಪದಲ್ಲಿ ಕೂತಿದೆ ಅನ್ನುವುದೇ ಮುಖ್ಯ.

ಮ್ಯಾಗ್ನೆಟೈಟಿಗೆ ಎರಡು ಪಾಲು ಫೆರಿಕ್, ಒಂದು ಪಾಲು ಫೆರಸ್ ಕಬ್ಬಿಣ ಬೇಕು. ಗ್ರಾಂ ಲೆಕ್ಕದಲ್ಲಿ ಹೇಳಿದರೆ ಆರು ನೀರಿನ ಅಣು ಇರುವ ಫೆರಿಕ್ ಕ್ಲೋರೈಡ್ 5.4 ಗ್ರಾಂಗೆ ಏಳು ನೀರಿನ ಅಣು ಇರುವ ಫೆರಸ್ ಸಲ್ಫೇಟ್ 2.78 ಗ್ರಾಂ. ಅಮೋನಿಯಾ ಹಾಕಿ ಪಿಎಚ್ 10ರ ಹತ್ತಿರ ತಂದರೆ ಸುಮಾರು 2.3 ಗ್ರಾಂ ಮ್ಯಾಗ್ನೆಟೈಟ್ ಸಿಗಬೇಕು. ಲೆಕ್ಕ ತಪ್ಪುವುದು ಹೆಚ್ಚಾಗಿ ಬಾಟಲಿಯಲ್ಲಿ. ಫೆರಿಕ್ ಕ್ಲೋರೈಡ್ ನೀರಿಲ್ಲದ ರೂಪದಲ್ಲೂ ಬರುತ್ತದೆ. ಅದಾದರೆ 3.24 ಗ್ರಾಂ ಸಾಕು. ಲೇಬಲ್ ಓದದೆ 5.4 ತೂಗಿದರೆ ಫೆರಿಕ್ ಜಾಸ್ತಿಯಾಗಿ ಕಂದು ಬರುತ್ತದೆ. ಮಳೆಗಾಲದಲ್ಲಿ ಮುಚ್ಚಳ ಸಡಿಲ ಇದ್ದರೆ ಅದು ಗಾಳಿಯ ತೇವ ಹೀರಿ ಪಸೆಯಾಗುತ್ತದೆ, ಆಗ ನೀವು ತೂಗುವುದು ಅರ್ಧ ನೀರನ್ನು.

ಫೆರಸ್ ಸಲ್ಫೇಟ್ ಇನ್ನೂ ನಾಜೂಕು. ಹೊಸತರಲ್ಲಿ ತಿಳಿ ಹಸಿರು. ಹರಳಿನ ಮೇಲೆ ಹಳದಿ ಕಂದು ಪುಡಿ ಕಂಡರೆ ಗಾಳಿಗೆ ಅದು ಫೆರಿಕ್ ಆಗುತ್ತಿದೆ ಅಂತ ಅರ್ಥ. ಆ ಬಾಟಲಿ ಬಿಡಿ. ಬದಲಿಗೆ ಮೋರ್ಸ್ ಸಾಲ್ಟ್ (ಫೆರಸ್ ಅಮೋನಿಯಂ ಸಲ್ಫೇಟ್) 3.92 ಗ್ರಾಂ ಬಳಸಬಹುದು, ಅದು ಗಾಳಿಗೆ ಜಾಸ್ತಿ ತಡೆಯುತ್ತದೆ. ನೀರನ್ನು ಕುದಿಸಿ, ಮುಚ್ಚಿ ಆರಿಸಿ ಬಳಸಿ, ಅದರಲ್ಲಿ ಕರಗಿರುವ ಆಮ್ಲಜನಕ ಹೋಗುತ್ತದೆ. ನೈಟ್ರೋಜನ್ ಸಿಲಿಂಡರ್ ಇದ್ದರೆ ಗುಳ್ಳೆ ಬಿಡುತ್ತಾ ಇರಿ.

ಅಮೋನಿಯಾ ಬಾಟಲಿಯನ್ನೂ ನಂಬಬೇಡಿ. ನಮ್ಮೂರ ಏಪ್ರಿಲ್ ಬಿಸಿಲಿಗೆ ಮುಚ್ಚಳ ತೆಗೆದಾಗೆಲ್ಲ ಅನಿಲ ಹೊರಗೆ ನುಗ್ಗುತ್ತದೆ, ದ್ರಾವಣ ಸಪ್ಪೆಯಾಗುತ್ತಾ ಬರುತ್ತದೆ. ಇಷ್ಟು ಮಿಲಿ ಹಾಕಿದೆ ಅನ್ನುವುದಕ್ಕಿಂತ ಪಿಎಚ್ ಎಷ್ಟಕ್ಕೆ ಬಂತು ಅಂತ ನೋಡಿ. ಬಾಟಲಿಯನ್ನು ತಣ್ಣಗೆ ಮಾಡಿ, ಹೊಗೆಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಒಳಗೇ ತೆಗೆಯಿರಿ. ಕಣ್ಣಿಗೆ ಕನ್ನಡಕ ಇರಲಿ.

ಕಂದು ಬಂದಿದೆ, ಆದರೂ ಅಯಸ್ಕಾಂತಕ್ಕೆ ಜೋರಾಗಿ ಓಡಿ ಬರುತ್ತದೆ ಅಂದರೆ ಎಸೆಯಬೇಡಿ. ಅದು ಮ್ಯಾಗ್ಹೆಮೈಟ್ ಅನ್ನುವ ಇನ್ನೊಂದು ಕಬ್ಬಿಣದ ಆಕ್ಸೈಡ್ ಇರಬಹುದು. ಮ್ಯಾಗ್ನೆಟೈಟ್ ಗಾಳಿಗೆ ನಿಧಾನವಾಗಿ ಅದೇ ಆಗುತ್ತದೆ. ಬಲ ಸ್ವಲ್ಪ ಕಡಿಮೆ, ಕೆಲಸಕ್ಕೆ ಬರುತ್ತದೆ.

ಅಯಸ್ಕಾಂತಕ್ಕೆ ಬರುತ್ತಿಲ್ಲ

ಇಲ್ಲೇ ಇತ್ತು ಅವಳ ಎರಡನೆಯ ಕಾಯಿಲೆ. ನೀರು ಸರಿಯಾಯಿತು, ಮಣಿ ದುಂಡಗಾಯಿತು, ಆದರೆ ಕಪ್ಪಗಿರುವ ಬದಲು ಒಲೆಯ ಬೂದಿಯ ಬಣ್ಣ. ಅಯಸ್ಕಾಂತ ತಂದರೆ ಮಣಿ ಒಂಚೂರು ಹೊರಳಿ ಸುಮ್ನೆ ನಿಂತಿತು. ಸೀಸೆಯಲ್ಲಿಟ್ಟ ಬರೀ ಕಣ ಮಾತ್ರ ಕ್ಷಣದಲ್ಲಿ ಗೋಡೆಗೆ ಬಂದು ಅಂಟುತ್ತಿತ್ತು.

ಅವಳು ಅಲ್ಜಿನೇಟಿಗೆ ಕಣ ಹಾಕಿ ಮ್ಯಾಗ್ನೆಟಿಕ್ ಸ್ಟಿರರ್ ಮೇಲೆ ಇಟ್ಟಿದ್ದಳು. ನಾನು ಪಕ್ಕದಲ್ಲಿ ನಿಂತಿದ್ದಾಗ ಇಕ್ಕಳದಿಂದ ಬೀಕರಿನೊಳಗಿನ ಸ್ಟಿರ್ ಬಾರ್ ಎತ್ತಿದಳು. ಬಿಳಿ ಬಾರ್ ಕಾಣಿಸಲೇ ಇಲ್ಲ. ಎರಡು ತುದಿಗೂ ಕಪ್ಪು ಮುಳ್ಳುಗಳೆದ್ದು ಮುಳ್ಳುಹಂದಿಯಂತೆ ಆಗಿತ್ತು. ಹಾಕಿದ ಕಣದಲ್ಲಿ ಹೆಚ್ಚಿನದೆಲ್ಲ ಅಲ್ಲೇ ಕೂತಿತ್ತು. ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಅಯಸ್ಕಾಂತದ ಕಣವನ್ನು ಅಯಸ್ಕಾಂತದ ಬಾರಿನಲ್ಲಿ ಕಲಕಬಾರದು. ಕಣ ಮಾಡುವಾಗಲೂ ಅಷ್ಟೇ, ಬೆರೆಸುವಾಗಲೂ ಅಷ್ಟೇ. ಮೇಲಿನಿಂದ ಇಳಿಬಿಡುವ ಮೋಟಾರ್ ಸ್ಟಿರರ್ ಬೇಕು. ಅದಿಲ್ಲದಿದ್ದರೆ ಗಾಜಿನ ಕಡ್ಡಿ ಹಿಡಿದು ಕೈಯಲ್ಲೇ ತಿರುವಿ.

ನಿಮ್ಮಲ್ಲಿ ಸ್ಟಿರ್ ಬಾರ್ ಕಾರಣ ಅಲ್ಲದಿದ್ದರೆ ಮಣಿಯನ್ನೇ ಕರಗಿಸಿ ಕೇಳಿ. ಹತ್ತು ಮಣಿಯನ್ನು 2 ಶೇಕಡಾ ಸೋಡಿಯಂ ಸಿಟ್ರೇಟಿನಲ್ಲಿ ಹಾಕಿ ಕುಲುಕುತ್ತಾ ಇರಿ. ಸಿಟ್ರೇಟ್ ಕ್ಯಾಲ್ಸಿಯಂ ಕಿತ್ತುಕೊಂಡು ಮಣಿಯನ್ನು ಬಿಚ್ಚುತ್ತದೆ, ಕಣ ಹೊರಬರುತ್ತದೆ. ಹೊರಬಂದ ಕಣ ಅಯಸ್ಕಾಂತಕ್ಕೆ ಓಡಿದರೆ ಕಣ ಚೆನ್ನಾಗಿದೆ, ಮಣಿಯೊಳಗೆ ಕಡಿಮೆ ಹಾಕಿದ್ದೀರಿ. ಓಡದಿದ್ದರೆ ಮತ್ತೆ ಬಣ್ಣದ ಮಾತಿಗೇ ಹೋಗಬೇಕು.

ಅಯಸ್ಕಾಂತ ತೆಗೆದ ಮೇಲೂ ಒಂದು ನೋಟ ಇರಲಿ. ಸುಮಾರು 20 ನ್ಯಾನೊಮೀಟರಿಗಿಂತ ಚಿಕ್ಕ ಕಣ ಅಯಸ್ಕಾಂತ ಇರುವಾಗ ಮಾತ್ರ ಸೆಳೆತ ತೋರಿಸುತ್ತದೆ, ದೂರ ಸರಿಸಿದರೆ ಮರೆತುಬಿಡುತ್ತದೆ. ಸೀಸೆ ಅಲ್ಲಾಡಿಸಿದರೆ ಮತ್ತೆ ಹರಡಬೇಕು. ಸರಪಳಿಯಂತೆ ಅಂಟಿಕೊಂಡೇ ಇದ್ದರೆ ಕಣ ದೊಡ್ಡದಾಗಿದೆ ಅಥವಾ ಗುಂಪಾಗಿದೆ. ರಕ್ತನಾಳದೊಳಗೆ ಕಳಿಸುವ ಕನಸಿರುವ ವಸ್ತುವಿಗೆ ಇದು ದೊಡ್ಡ ದೋಷ.

ವಿಎಸ್‌ಎಂ ಯಂತ್ರದಲ್ಲಿ ಅಯಸ್ಕಾಂತ ಗುಣದ ಅಳತೆ ಮಾಡಿಸಿದವರು ಇನ್ನೊಂದು ಕಡೆ ಎಡವುತ್ತಾರೆ. ದೊಡ್ಡ ತುಂಡಿನ ಮ್ಯಾಗ್ನೆಟೈಟಿಗೆ ಗ್ರಾಂಗೆ ಸುಮಾರು 92 ಇಎಂಯು (ಅಯಸ್ಕಾಂತ ಗುಣದ ಮಾನ). ನ್ಯಾನೊಕಣಕ್ಕೆ 60ರ ಆಸುಪಾಸು ಬಂದರೂ ಚೆನ್ನಾಗಿದೆ. ಮಣಿಯನ್ನು ಒಣಗಿಸಿ ಅಳೆದರೆ 12 ಬಂತು ಅಂತ ಗಾಬರಿಯಾಗುತ್ತಾರೆ. ಆ ಮಣಿಯ ತೂಕದಲ್ಲಿ ಕಣ ಐದನೇ ಒಂದು ಪಾಲು ಮಾತ್ರ ಇದ್ದರೆ 12 ಬರುವುದೇ ಸರಿ. ಉಳಿದ ನಾಲ್ಕು ಪಾಲು ಅಂಟು, ಅದಕ್ಕೆ ಸೆಳೆತ ಇಲ್ಲ.

ಕೈಟೋಸಾನ್ ಬಳಸುವವರಿಗೆ

ಕೆಲವರು ಅಲ್ಜಿನೇಟಿನ ಬದಲು ಕೈಟೋಸಾನ್ ಬಳಸುತ್ತಾರೆ. ಸಿಗಡಿ, ಏಡಿ ಸಿಪ್ಪೆಯಿಂದ ಬರುವ ಈ ಅಂಟು 1 ಶೇಕಡಾ ಅಸಿಟಿಕ್ ಆಮ್ಲದಲ್ಲಿ ಕರಗುತ್ತದೆ, ಪಿಎಚ್ 6.5 ದಾಟಿದರೆ ಹೊರಬೀಳುತ್ತದೆ. ತೊಂದರೆ ಏನೆಂದರೆ ಅದಕ್ಕೆ ಬೇಕಾದ ಆಮ್ಲ ಕಣಕ್ಕೆ ಆಗುವುದಿಲ್ಲ. ಕಣ ಹಾಕಿ ರಾತ್ರಿ ಬಿಟ್ಟರೆ ಬೆಳಿಗ್ಗೆ ಮೇಲಿನ ತಿಳಿ ಹಳದಿಯಾಗಿರುತ್ತದೆ. ಅದು ಕರಗಿದ ಕಬ್ಬಿಣ. ಕೈಟೋಸಾನನ್ನು ಹಿಂದಿನ ದಿನವೇ ಕರಗಿಸಿಡಿ, ಪಿಎಚ್ ಅನ್ನು 5ರವರೆಗೆ ಏರಿಸಿ, ಕಣವನ್ನು ಕೊನೆಗೆ ಹಾಕಿ, ತಡಮಾಡದೆ ಕ್ಷಾರದ ನೀರಿಗೆ ಹನಿಸಿ. ಗ್ಲುಟರಾಲ್ಡಿಹೈಡ್ ಹಾಕಿ ಗಟ್ಟಿ ಮಾಡಿದ್ದರೆ ಮಿಕ್ಕಿದ್ದು ಜೀವಕೋಶಕ್ಕೆ ವಿಷ. ಸಾಧ್ಯವಾದರೆ ಸೋಡಿಯಂ ಟ್ರೈಪಾಲಿಫಾಸ್ಫೇಟ್ ಬಳಸಿ.

ಜೀವಕೋಶದ ಪರೀಕ್ಷೆಗೆ ಹೋದ ಮೇಲೆ

ಅಲ್ಜಿನೇಟ್ ಮಣಿಯನ್ನು ಫಾಸ್ಫೇಟ್ ಬಫರಿನಲ್ಲಿ (ಪಿಎಚ್ ಬದಲಾಗದಂತೆ ಹಿಡಿಯುವ ದ್ರಾವಣ) ಇಟ್ಟರೆ ಉಬ್ಬಿ, ಒಡೆದು, ಕರಗಿಹೋಗುತ್ತದೆ. ಮಣಿ ಕೆಟ್ಟಿತು ಅಂತ ಬರೆಯಬೇಡಿ. ಫಾಸ್ಫೇಟ್ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ, ಸೋಡಿಯಂ ಅದರ ಜಾಗಕ್ಕೆ ಬಂದು ಕೂರುತ್ತದೆ. ಫಾಸ್ಫೇಟ್ ಇಲ್ಲದ ಟ್ರಿಸ್ ಅಥವಾ ಹೆಪಿಸ್ ಬಫರಿಗೆ ಸ್ವಲ್ಪ ಕ್ಯಾಲ್ಸಿಯಂ ಹಾಕಿ ಹೋಲಿಸಿ ನೋಡಿ. ಅಲ್ಲೂ ಒಡೆದರೆ ಆಗ ಮಣಿಯದೇ ತಪ್ಪು.

ಬದುಕಿರುವ ಜೀವಕೋಶವನ್ನು ಬಣ್ಣದಿಂದ ಅಳೆಯುವ ಎಂಟಿಟಿ ಪರೀಕ್ಷೆಯಲ್ಲಿ, ತಟ್ಟೆಯ ಕಣ ಹಾಕಿದ ಗುಂಡಿಯಲ್ಲೇ ಜೀವಕೋಶ ಜಾಸ್ತಿ ಬದುಕಿದೆ ಅಂತ ಬಂದರೆ ಖುಷಿ ಪಡುವ ಮುಂಚೆ ನಿಲ್ಲಿ. ಕಪ್ಪು ಕಣ ತಾನೇ ಬೆಳಕನ್ನು ಹೀರುತ್ತದೆ, ಯಂತ್ರ ಅದನ್ನೂ ಬಣ್ಣ ಅಂತ ಎಣಿಸುತ್ತದೆ. ಜೀವಕೋಶ ಇಲ್ಲದೆ ಬರೀ ಕಣ ಹಾಕಿದ ಗುಂಡಿಗಳನ್ನು ಪಕ್ಕದಲ್ಲೇ ಇಟ್ಟು ಅದನ್ನು ಕಳೆಯಬೇಕು. ಕೆಂಪು ರಕ್ತಕಣ ಒಡೆಯುವ ಪರೀಕ್ಷೆಯಲ್ಲಿ 2 ಶೇಕಡಾದ ಒಳಗೆ ಬಂದರೆ ನಿರಾಳ, 5 ದಾಟಿದರೆ ಆ ವಸ್ತು ರಕ್ತದ ಹತ್ತಿರ ಹೋಗಬಾರದು.

ಇದು ಸಿಕ್ಕಾಪಟ್ಟೆ ಜಾಗ್ರತೆ ಅನಿಸಬಹುದು. ಆದರೆ ಡೆಕ್ಸ್‌ಟ್ರಾನ್ ಅನ್ನುವ ಸಕ್ಕರೆಯ ಅಂಟು ಲೇಪಿಸಿದ ಕಬ್ಬಿಣದ ಆಕ್ಸೈಡಿಗೆ 1996ರಲ್ಲಿ ಅಮೆರಿಕದಲ್ಲಿ ಲಿವರ್ ಎಂಆರ್‌ಐಗೆ ಅನುಮತಿ ಸಿಕ್ಕಿತು. 2009ರಲ್ಲಿ ಅಂಥದ್ದೇ ಇನ್ನೊಂದು ಕಣ, ಫೆರುಮಾಕ್ಸಿಟಾಲ್, ಕಿಡ್ನಿ ಕಾಯಿಲೆಯವರ ರಕ್ತಹೀನತೆಗೆ ಔಷಧಿಯಾಗಿ ಬಂತು. ಸಕ್ಕರೆಯ ಅಂಟು ಮತ್ತು ಕಬ್ಬಿಣದ ಕಣ ಸೇರಿ ನಿಜವಾದ ರೋಗಿಯ ಮೈಯೊಳಗೆ ಹೋಗಿವೆ. ನಮ್ಮ ಬೀಕರಿನ ಮಣಿ ಔಷಧಿ ಅಲ್ಲ. ಆದರೆ ನಾವು ಬರೆದಿಟ್ಟ ಅಂಕಿಯನ್ನು ನಂಬಿ ಇನ್ನೊಬ್ಬರು ಮುಂದಿನ ಹೆಜ್ಜೆ ಇಡುತ್ತಾರೆ.

ಆ ಹುಡುಗಿಯ ಮಣಿ ಈಗ ಫ್ರಿಡ್ಜಿನಲ್ಲಿವೆ. ಒಣಗದಂತೆ, ತುಂಬ ತೆಳುವಾದ ಕ್ಯಾಲ್ಸಿಯಂ ಕ್ಲೋರೈಡ್ ನೀರಿನಲ್ಲಿ ಇಟ್ಟಿದ್ದೇವೆ. ಫ್ರೀಜರಿಗೆ ಹಾಕಬೇಡಿ, ಹಿಮದ ಹರಳು ಒಳಗಿನಿಂದ ಸೀಳುತ್ತದೆ. ಕಣ ಇಲ್ಲದ ಖಾಲಿ ಮಣಿಯ ಒಂದು ಸೀಸೆಯೂ ಪಕ್ಕದಲ್ಲೇ ಇದೆ. ಅದರ ಲೇಬಲ್ ಮೇಲೆ ತಾರೀಖಿನ ಕೆಳಗೆ, ಆ ದಿನ ನೀರಿನ ಮೀಟರ್ ತೋರಿಸಿದ ಅಂಕಿಯನ್ನೂ ಅವಳೇ ಬರೆದಿದ್ದಾಳೆ: 3.